ಶ್ರುತಿ ಹಿಡಿಯುವವನ ಕೆನ್ನೆ

ಎಡಗಡೆ, ಕೆಳಗಿನ ಸಾಲಿನ ಬುದ್ಧಿಹಲ್ಲು
ಅಡ್ಡ ಮಲಗಿತ್ತು, ಪಕ್ಕದವನ ಮೇಲೆ ಕಾಲು ಹಾಕಿ,
ರಾತ್ರಿ ಬಸ್ಸಿನ ಪ್ರಯಾಣಿಕನ ಹಾಗೆ.
ಡಾಕ್ಟರ್ ಶುಷಾನಿಕ್ ಅದನ್ನು ಮೂರು ತುಂಡು ಮಾಡಿ ಎಬ್ಬಿಸಿದರು.
ನಲವತ್ತು ನಿಮಿಷ. ಎರಡು ಹೊಲಿಗೆ.
ಹಲ್ಲು ಕಚ್ಚಿ ತಡೆದುಕೋ ಅನ್ನುತ್ತಾರಲ್ಲ,
ನಾನು ಕಚ್ಚಿದ್ದು ಹತ್ತಿಬಟ್ಟೆ.

ಜೋಮು ಇಳಿಯುವ ಮೊದಲೇ ಮೊದಲ ಮಾತ್ರೆ, ಎಂದರು,
ನೋವು ಬಾಗಿಲು ಬಡಿಯಲಿ ಅಂತ ಕಾಯಬೇಡ.
ಐಬುಪ್ರೊಫೆನ್, ನಾನೂರು. ಎಂಟು ಗಂಟೆಗೊಂದು.
ಬರಿಹೊಟ್ಟೆಗೆ ಕೂಡದು.
ಆಮೇಲೆ ಕೈಗವಸು ಕಳಚುತ್ತ ಕೇಳಿದರು: ಏನು ಕೆಲಸ?
ದುದುಕ್, ಅಂದೆ. ಅರ್ಧ ತುಟಿಗೆ ಆ ಪದ ಸಿಗಲಿಲ್ಲ.
ಊದುವುದೋ?
ಊದುವುದೇ.
ಎರಡು ವಾರ ಮುಟ್ಟಬೇಡ.
ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದೆ,
ಅದು ಎದ್ದು ಹೋದರೆ ಮೂಳೆ ಬರಿಮೈ.

ಗ್ಯುಮ್ರಿಯ ಫೆಬ್ರವರಿಯಲ್ಲಿ ಐಸಿಗೆ ಬರವೇ?
ಅಮ್ಮ ಕಿಟಕಿಯ ಕಪ್ಪು ಕಲ್ಲಿನಂಚಿಂದ ಬೊಗಸೆ ಹಿಮ ಗೋರಿ
ಅಪ್ಪನ ಹಳೆಯ ಉಣ್ಣೆ ಕಾಲುಚೀಲಕ್ಕೆ ತುಂಬಿ
ನನ್ನ ಕೆನ್ನೆಗೆ ಒತ್ತಿದಳು.
ಇಪ್ಪತ್ತು ನಿಮಿಷ ಇಡು, ಇಪ್ಪತ್ತು ನಿಮಿಷ ಬಿಡು.
ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು:
ಆರು, ಎರಡು, ಹತ್ತು.

ಹಮಾಯಕ್ ರಾಗ ನುಡಿಸುತ್ತಾನೆ. ನಾನು ಅವನ ಪಕ್ಕ ಕೂತು
ಒಂದೇ ಸ್ವರ ಹಿಡಿಯುತ್ತೇನೆ, ಹತ್ತೊಂಬತ್ತು ವರ್ಷದಿಂದ.
ಮೂಗು ಉಸಿರು ತರುತ್ತದೆ, ಕೆನ್ನೆ ಅದನ್ನು ಕೂಡಿಟ್ಟು ಖರ್ಚು ಮಾಡುತ್ತದೆ,
ಸ್ವರ ಕಡಿಯಬಾರದು, ಅಷ್ಟೇ ಕೆಲಸ.
ಮದುವೆಮನೆಯ ಮಕ್ಕಳು ನನ್ನ ಕೆನ್ನೆ ತೋರಿಸಿ ನಗುತ್ತವೆ.
ಮೂರನೆಯ ದಿನ, ಬಾವು ಏರಿದಷ್ಟೂ ಏರಿದಾಗ,
ಕನ್ನಡಿಯಲ್ಲಿ ನಾನೇ ನಕ್ಕೆ, ನಕ್ಕು ಪಶ್ಚಾತ್ತಾಪಪಟ್ಟೆ:
ಅರ್ಧ ಮುಖ ಕಛೇರಿಗೆ ಕೂತಿದೆ,
ಅರ್ಧ ಮನೆಯಲ್ಲೇ ಉಳಿದಿದೆ.

ಮಾತ್ರೆ ನೋವನ್ನು ಕೊಲ್ಲುವುದಿಲ್ಲ.
ಪಕ್ಕದ ಕೋಣೆಗೆ ಕಳಿಸಿ ಬಾಗಿಲು ಮುಂದೆ ಮಾಡುತ್ತದೆ.
ಐದು ಗಂಟೆ ಅದು ಅಲ್ಲೇ ಏನೋ ಹೊಂದಿಸುತ್ತ ಇರುತ್ತದೆ,
ಆರನೆಯದರಲ್ಲಿ ಕೆಮ್ಮುತ್ತದೆ.
ಒಂದು ರಾತ್ರಿ ಮೂರಕ್ಕೆ ಎದ್ದು ಡಬ್ಬಿ ಹುಡುಕಿದೆ.
ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು ಅಮ್ಮ,
ಹುಡುಕುವ ಸದ್ದಿಗೇ ಎದ್ದು ಬಂದಳು.
ನಿನ್ನಪ್ಪ ಬೆನ್ನುನೋವಿಗೆ ಇದನ್ನೇ
ಕಡಲೆಯ ಹಾಗೆ ಮುಕ್ಕಿ ರಕ್ತ ಕಾರಿದವನು. ಹೋಗಿ ಮಲಗು.
ತಲೆದಿಂಬು ಎರಡಿರಲಿ, ತಲೆ ಮೇಲಿರಲಿ.

ಶನಿವಾರ ಗರೆಗಿನ್ ಮುದುಕನ ಮಣ್ಣು.
ನನ್ನ ದುದುಕಿನ ಚರ್ಮದ ಚೀಲ ಹೊಲಿದುಕೊಟ್ಟ ಮೋಚಿ.
ದುಡ್ಡು ಕೇಳಿದ್ದಕ್ಕೆ, ನನ್ನ ಸಾವಿಗೆ ಊದು, ಸರಿಹೋಯಿತು ಎಂದಿದ್ದ.
ಈಗ ನೋಡು, ಸಾಲ ತೀರಿಸುವ ಹೊತ್ತಿಗೆ ಬಾಯಿಲ್ಲ.
ನನ್ನ ಜಾಗಕ್ಕೆ ಅಕ್ಕನ ಮಗಳು ನಾಝೆಲಿ ಹೋದಳು,
ಹದಿನೈದು ವರ್ಷ, ಕೆನ್ನೆ ಇನ್ನೂ ಪಳಗಿಲ್ಲ.
ಎರಡು ಗಂಟೆಯ ಮಾತ್ರೆಯನ್ನು ಮನೆಯಲ್ಲೇ ಮರೆತು
ನಾನೂ ಹೋಗಿ ಹೆಂಗಸರ ಹಿಂದೆ ನಿಂತೆ, ಮಫ್ಲರಿನಲ್ಲಿ ಮುಖ.

ಹಮಾಯಕ್ ಮೇಲೇರಿದ. ಅವಳು ಕೆಳಗೆ ಹಿಡಿದಳು.
ಹಿಡಿದಳು, ಹಿಡಿದಳು, ಕಡಿಯಿತು.
ಆ ಒಂದು ಚೂರು ಹೊತ್ತು
ಅವನ ರಾಗ ಮೆಟ್ಟಿಲು ತಪ್ಪಿದವನಂತೆ ಗಾಳಿಯಲ್ಲಿತ್ತು.
ನನ್ನ ಹೊಲಿಗೆಯ ಕೆಳಗೆ ಮಾತ್ರ
ನಿಲ್ಲದೆ ಒಂದು ಮಿಡಿತ, ಅದೇ ಎತ್ತರ, ಯಾರಿಗೂ ಕೇಳದ್ದು.
ಮೂಗಿನಿಂದ ಉಸಿರು ತಂದೆ. ಬಾಯಿ ತೆರೆಯಲಿಲ್ಲ.
ಅವಳು ಮತ್ತೆ ಹಿಡಿದಳು.

ಮರಳುವಾಗ ಕೇಳಿದಳು: ಎಷ್ಟು ಕಡೆ ಕಡಿಯಿತು ಮಾವ?
ನಾಲ್ಕು.
ಅಷ್ಟು ಹಿಂದಕ್ಕೂ ಕೇಳಿಸಿತಾ?
ಮಾತ್ರೆ ಇಳಿದಿತ್ತು, ಅಂದೆ. ಎಲ್ಲ ಕೇಳಿಸಿತು.

ಮೇಜಿನ ಮೇಲೆ ಉಗುರುಬೆಚ್ಚಗೆ ಮೊಸರು ಗೋಧಿಯ ಗಂಜಿ.
ನಾನು ಮೊದಲು ಕೈ ಹಾಕಿದ್ದು ಗುಂಡಿಗಳ ಡಬ್ಬಿಗೆ.
ಮೊದಲು ಗಂಜಿ, ಎಂದಳು ಅಮ್ಮ,
ಪೆನ್ಸಿಲ್ ಕಿವಿಯ ಮೇಲಿತ್ತು.